ಮಗ್ಗ ನಿಂತ ಮೇಲಿನ ಅಲೆ

ಗಜೇಂದ್ರಗಡದ ನಮ್ಮ ಕಾಕಾನ ಮನೆಯಲ್ಲಿ ಅವರ ಹೆಂಡತಿ ಚಿಗವ್ವನ ಮಾತು ಬೀದಿಗೇ ಕೇಳುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟರಲ್ಲಿ ಬಾಜೂ ಮನೆಯ ಎಮ್ಮೆ ಈದದ್ದು, ಅವತ್ತಿನ ರೊಟ್ಟಿ ಹೊತ್ತಿದ್ದು, ಓಣಿಯ ಮೂಲೆಮನೆಯ ಸೊಸೆ ತವರಿಗೆ ಹೋದವಳು ಇನ್ನೂ ಬಾರದಿದ್ದುದು, ಎಲ್ಲ ತಿಳಿದುಬಿಡುತ್ತಿತ್ತು. ಒಳಗೆ ಹೋಗಿ ನೋಡಿದರೆ ಕೇಳುವವರು ಒಬ್ಬರೇ. ನನ್ನ ಅಪ್ಪನ ತಮ್ಮ, ಮಗ್ಗದ ಕೋಣೆಯಲ್ಲಿ ಮಂಚದ ಮೇಲೆ ಅಂಗಾತ ಮಲಗಿದ ನನ್ನ ಕಾಕಾ. ಕೈ ಆಡುತ್ತಿರಲಿಲ್ಲ, ಕಾಲು ಆಡುತ್ತಿರಲಿಲ್ಲ, ನಾಲಗೆಯಂತೂ ಮೊದಲೇ ಹೋಗಿತ್ತು. ಕಣ್ಣು ತೆರೆದಿರುತ್ತಿದ್ದವು, ಆದರೆ ಮಾಳಿಗೆಯ ಜಂತಿ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ.

ಅವರು ಬಿದ್ದು ವರ್ಷದ ಮೇಲಾಗಿತ್ತು. ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ದೊಡ್ಡ ಊರಿನ ಡಾಕ್ಟರು ಹೇಳಿದ್ದರು. ಮೂಗಿನ ನಳಿಗೆಯಲ್ಲಿ ಹಾಲು, ತಿಳಿಯಾದ ಅಂಬಲಿ. ನಾವು ಆಡುವ ಮಾತು ಅವರಿಗೆ ತಿಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೇನೋ ಹೇಳಿ, ಕಡೆಗೆ "ತಿಳಿಯೂದಿಲ್ಲ ಅಂತನ ಇಟ್ಕೊಳ್ರಿ" ಎಂದಿದ್ದರು. ನನಗೆ ಆ ಮನುಷ್ಯನ ಮೇಲೆ ಇವತ್ತಿಗೂ ಸಿಟ್ಟಿದೆ. ಗೊತ್ತಿಲ್ಲ ಅನ್ನುವುದಕ್ಕೆ ಬಾಯಿ ಬಾರದವರೇ ಇಂಥ ಮಾತು ಆಡುವುದು.

ಮೊದಮೊದಲು ಚಿಗವ್ವ ಕಣ್ಣರೆಪ್ಪೆ ಬಡಿದರೆ ಹೌದು ಎಂದು ತಿಳಿದುಕೊಂಡಿದ್ದಳು. ಕಾಕಾ ಅವಳ ಪ್ರಶ್ನೆಗೂ ರೆಪ್ಪೆ ಬಡಿಯುತ್ತಿದ್ದರು, ನೊಣಕ್ಕೂ ಬಡಿಯುತ್ತಿದ್ದರು, ಎದುರಿಗೆ ಯಾರೂ ಇಲ್ಲದಾಗಲೂ ಬಡಿಯುತ್ತಿದ್ದರು. ಅದನ್ನು ಅವಳೇ ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ನೋಡಿಬಿಟ್ಟಳು. ಆಮೇಲೂ ಮಾತು ನಿಲ್ಲಿಸಲಿಲ್ಲ, ಆದರೆ ಆ ಮಾತಿಗೆ ನಡುನಡುವೆ ನಾಚಿಕೆ ಬರತೊಡಗಿತು. ಯಾರಾದರೂ ಒಳಗೆ ಬಂದರೆ ತಟ್ಟನೆ ಬಾಯಿ ಮುಚ್ಚಿ ಹೊದಿಕೆ ಸರಿಪಡಿಸುವವಳಂತೆ ಮಾಡುತ್ತಿದ್ದಳು.

ನಾನಾಗ ಊರು ಬಿಟ್ಟು ದೊಡ್ಡ ಕಾಲೇಜಿನಲ್ಲಿ ಎಂಜಿನಿಯರಿಂಗಿನ ಮೇಲಿನ ಓದು ಓದುತ್ತಿದ್ದೆ. ಮಿದುಳಿನ ಸಿಗ್ನಲ್ ಹಿಡಿದು ಕಂಪ್ಯೂಟರಿಗೆ ತಿಳಿಸುವುದು ನನ್ನ ವಿಷಯ. ಮನೆಗೊಂದು ಮೊಬೈಲು ಬಂದರೆ ದೊಡ್ಡದು ಎನ್ನುತ್ತಿದ್ದ ದಿನಗಳವು; ನನ್ನ ವಿಷಯ ಕೇಳಿದವರು ಒಂದು ಸಲ ನನ್ನ ಮುಖ, ಇನ್ನೊಂದು ಸಲ ನನ್ನ ಅಪ್ಪನ ಮುಖ ನೋಡಿ ಸುಮ್ಮನಾಗುತ್ತಿದ್ದರು. ಸುಮ್ಮನಾಗದವಳು ಚಿಗವ್ವ ಒಬ್ಬಳೇ.

"ನೀ ತಲಿ ಓದೂದು ಕಲಿಯಾಕತ್ತಿ ಅಂತಲ್ಲ," ಎಂದಳು ಒಂದು ಸಂಜೆ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ. "ನನಗ ಒಂದ ತಿಳಸು ಯವ್ವಾ. ನಾ ಮನಷ್ಯಾನ ಜೋಡಿ ಮಾತಾಡಾಕತ್ತೀನೋ, ಗ್ವಾಡಿ ಜೋಡಿ ಮಾತಾಡಾಕತ್ತೀನೋ? ಗ್ವಾಡಿ ಅಂದ್ರ ಗ್ವಾಡಿ ಅಂತ ಹೇಳು. ನಾ ಅಳಂಗಿಲ್ಲ."

ಅಳುವುದಿಲ್ಲ ಅಂದವಳ ಗಲ್ಲ ಆಗಲೇ ನಡುಗುತ್ತಿತ್ತು. ನೋಡುತ್ತೇನೆ ಚಿಗವ್ವ ಅಂದೆ. ಹಾಗೆ ಅಂದ ಮೇಲೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ತಲೆ ಓದುವುದು ಅನ್ನುವುದು ದೊಡ್ಡ ಮಾತು. ತಲೆಯ ಚರ್ಮದ ಮೇಲೆ ಎಲೆಕ್ಟ್ರೋಡ್ ಎಂಬ ಸಣ್ಣ ಬಿಲ್ಲೆಗಳನ್ನು ಅಂಟಿಸಿದರೆ ಒಳಗಿನ ವಿದ್ಯುತ್ತಿನ ಏರಿಳಿತ ತೆರೆಯ ಮೇಲೆ ಅಲೆಅಲೆಯಾಗಿ ಬರುತ್ತದೆ, ಅಷ್ಟೇ. ವಿಚಾರ ಬರುವುದಿಲ್ಲ, ಮಾತು ಬರುವುದಿಲ್ಲ. ಸಾವಿರಾರು ಜನ ಸೇರಿದ ಸಂತೆಯ ಗದ್ದಲವನ್ನು ಊರ ಹೊರಗೆ ನಿಂತು ಕೇಳಿದ ಹಾಗೆ. ಆ ಗದ್ದಲದೊಳಗೆ ಯಾವುದೋ ಒಂದು ಎಳೆ ನಮಗೆ ಬೇಕಾದದ್ದು. ನೆತ್ತಿಯ ಅಲೆಯೋ ಕಿವಿಯ ಮೇಲಿನದೋ, ನಿಧಾನದ್ದೋ ಚುರುಕಿನದೋ, ಮೊದಲ ಗಳಿಗೆಯದೋ ಆಮೇಲಿನದೋ, ಹೀಗೆ ಜೋಡಿಸುತ್ತ ಹೋದರೆ ನೂರಾರು ಲಕ್ಷಣಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲಸಕ್ಕೆ ಬರುವಂಥವು ಒಂದೆರಡು. ಅವನ್ನು ಆರಿಸುವುದೇ ನನ್ನ ಕೆಲಸ. ಇಡೀ ಎರಡು ವರ್ಷ ನಾನು ಮಾಡಿದ್ದು ಇದನ್ನೇ, ಅವ್ವ ಮೊರ ಹಿಡಿದು ಜೋಳ ಹಸನು ಮಾಡುವಂತೆ. ಅವ್ವನ ಮೊರದಲ್ಲಿ ಜೊಳ್ಳು ಹಾರಿ ಹೋಗಿ ಕಾಳು ಉಳಿಯುತ್ತಿತ್ತು. ನನ್ನದರಲ್ಲಿ ಜೊಳ್ಳೇ ಭಾರ. ಹಲ್ಲು ಕಚ್ಚಿದರೆ, ರೆಪ್ಪೆ ಬಡಿದರೆ, ಗೋಡೆಯೊಳಗಿನ ತಂತಿಯಲ್ಲಿ ಕರೆಂಟು ಹರಿದರೆ ಅವೇ ಗುಡ್ಡದಷ್ಟು ಎದ್ದು ಕಾಣುತ್ತಿದ್ದವು; ಮಿದುಳಿನ ಸ್ವಂತ ಅಲೆ ಅದರ ಕೆಳಗೆ ಎಲ್ಲೋ ಇರುವೆಯಂತೆ ಹರಿಯುತ್ತಿತ್ತು.

ನಮ್ಮ ಸರ್ ಒಂದು ಮಾತು ಹೇಳಿ ಕಳಿಸಿದ್ದರು. "ನಿಮ್ಮ ಕಾಕಾನ ಉತ್ತರ ನೋಡಿ ಲಕ್ಷಣ ಆರಿಸಬ್ಯಾಡ. ಹಂಗ ಆರಿಸಿದ್ರ ಅದು ನಿನಗ ಬೇಕಾದ ಉತ್ತರಾನ ಹೇಳ್ತದ. ಬ್ಯಾರೆಯವರ ತಲಿ ಮ್ಯಾಲ ಆರಿಸು, ಗಟ್ಟಿ ಮಾಡ್ಕೋ, ಆಮ್ಯಾಲ ಅದನ್ನ ಬದಲಿ ಮಾಡದಂಗ ಕಾಕಾನ ಕಡೆ ಒಯ್ಯಿ." ನನಗೆ ಬೇಕಾದ ಉತ್ತರ ಯಾವುದು ಎಂದು ಅವರಿಗೂ ಗೊತ್ತಿತ್ತು.

ಬೇರೆಯವರ ತಲೆ ಎಂದರೆ ನನಗೆ ಸಿಕ್ಕಿದ್ದು ಅಕ್ಕನದು. ಕಾಕಾನ ಒಬ್ಬಳೇ ಮಗಳು, ನರಗುಂದಕ್ಕೆ ಕೊಟ್ಟಿದ್ದರು. ಲ್ಯಾಪ್‌ಟಾಪು, ಸಿಗ್ನಲ್ ಹಿಗ್ಗಿಸುವ ಡಬ್ಬಿ, ಎಲೆಕ್ಟ್ರೋಡಿನ ಟೊಪ್ಪಿಗೆ ಎಲ್ಲವನ್ನೂ ಒಂದು ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ನಾನು ಸೂಟಿಯಲ್ಲಿ ರೋಣದ ನಮ್ಮ ಮನೆಯಿಂದ ಬಸ್ಸಿಗೆ ಹೋಗುತ್ತಿದ್ದೆ. ಕಿಟಕಿಯಾಚೆ ಎರಿಭೂಮಿ, ಹತ್ತಿ, ಮತ್ತೆ ಎರಿಭೂಮಿ. ಎಷ್ಟು ಹೊತ್ತು ನೋಡಿದರೂ ಬದಲಾಗದ ಆ ಕರಿನೆಲ ನೋಡುತ್ತ ನೋಡುತ್ತ ನನಗೆ ತೂಕಡಿಕೆ ಬರುತ್ತಿತ್ತು. ತೂಕಡಿಕೆಯಲ್ಲಿ ಹೊಲದ ಸಾಲುಗಳೆಲ್ಲ ತೆರೆಯ ಮೇಲಿನ ಗೆರೆಗಳಾಗಿ ನಿಧಾನ ನಡುಗುತ್ತಿದ್ದವು. ಎಚ್ಚರವಾದಾಗ ನರಗುಂದದ ಗುಡ್ಡ ಎದುರಿಗೆ ಇರುತ್ತಿತ್ತು.

ಅಕ್ಕನ ಮನೆ ಗುಡ್ಡದ ಬುಡಕ್ಕೇ. ಮಧ್ಯಾಹ್ನ ಅವಳ ಗಂಡ ಅಂಗಡಿಗೆ ಹೋದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಅವಳನ್ನು ಗೋಡೆಗೆ ಆನಿಸಿ ಕೂಡಿಸಿ ಟೊಪ್ಪಿಗೆ ತೊಡಿಸುತ್ತಿದ್ದೆ. ಹೊರಗೆ ಹತ್ತಿ ಬಿಡಿಸುವ ಜಿನ್ನಿನಿಂದ ಹಾರಿಬಂದ ನಾರು ಬಿಸಿಲಲ್ಲಿ ತೇಲುತ್ತಿತ್ತು. ಕೆಲಸ ಬಹಳ ಸರಳ. ಕಂಪ್ಯೂಟರು ಒಮ್ಮೆ ಕೂಗಿದರೆ ಬಲಗೈ ಆಡಿಸಿದಂತೆ ಮನಸ್ಸಿನಲ್ಲೇ ನೆನೆಯಬೇಕು, ಮತ್ತೆ ಕೂಗಿದರೆ ನಿಲ್ಲಿಸಬೇಕು. ಆಮೇಲೆ ಎಡಗೈ.

ಸುಮ್ಮನಿದ್ದ ಕೈಗೆ ಮಿದುಳಿನಲ್ಲಿ ಒಂದು ಅಲೆ ಇರುತ್ತದೆ. ಕೈಗೆ ಕೆಲಸವಿಲ್ಲದಾಗ ಆ ಜಾಗ ತನ್ನಷ್ಟಕ್ಕೆ ಗುನುಗುತ್ತ ತೂಗುತ್ತಿರುತ್ತದೆ. ಕೈ ಆಡಿಸಿದರೆ, ಆಡಿಸಬೇಕೆಂದು ಬರೀ ನೆನೆದರೂ ಸಾಕು, ಗುನುಗು ಒಡೆದುಹೋಗುತ್ತದೆ. ಬಲಗೈಯದು ಎಡಗಡೆ, ಎಡಗೈಯದು ಬಲಗಡೆ. ಯಾವ ಕಡೆ ಒಡೆಯಿತು ನೋಡಿ ಯಾವ ಕೈ ಎಂದು ಹೇಳಬಹುದು. ಜಗತ್ತಿನಲ್ಲೆಲ್ಲ ಹೀಗೇ ಮಾಡುತ್ತಾರೆ ಎಂದು ಪುಸ್ತಕದಲ್ಲಿತ್ತು. ಕೈ ಮೇಲೆತ್ತದೆ, ಬೆರಳು ಅಲುಗಿಸದೆ, ಬರೀ ನೆನಪಿನಿಂದ ಒಂದು ಅಲೆಯನ್ನು ಒಡೆಯಬಹುದು ಎಂದು ಮೊದಲು ಓದಿದ ದಿನ ನಾನು ಹಾಸ್ಟೆಲಿನ ಕಿಟಕಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತ ಊಟ ಮರೆತಿದ್ದೆ.

ಅಕ್ಕನ ತಲೆ ಪುಸ್ತಕ ಓದಿರಲಿಲ್ಲ. ಬಲಗೈ ನೆನೆ ಅಂದರೂ ಎರಡೂ ಕಡೆ ಒಡೆಯುತ್ತಿತ್ತು, ಎಡಗೈ ನೆನೆ ಅಂದರೂ ಎರಡೂ ಕಡೆ. ಬಿಲ್ಲೆ ಸರಿಸಿ ನೋಡಿದೆ, ವೇಗ ಬದಲಿಸಿ ನೋಡಿದೆ, ಲಕ್ಷಣಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡಿದೆ. ಕವಡೆ ಎಸೆದು ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು. ಕಡೆಗೆ ರೇಗಿ, "ನೀ ಏನ್ ನೆನಸಾಕತ್ತಿ ಖರೇ ಹೇಳು" ಅಂದೆ.

"ಲಾಳಿ ಹೊಡಿಯೂದು," ಎಂದಳು ಅಕ್ಕ. "ಮತ್ತೇನ್ ನೆನಸ್ಲಿ? ಕೈ ಅಂದ್ರ ನನಗ ಅದ ಬರ್ತೈತಿ."

ಅವಳು ಮದುವೆಗೆ ಮೊದಲು ಕಾಕಾನ ಮಗ್ಗದ ಮೇಲೆ ಕೂತು ಒಂದಿಷ್ಟು ಕಲಿತವಳು. ಬಲಗೈ ಲಾಳಿ ಎಸೆದರೆ ಎಡಗೈ ಹಿಡಿಯಲೇಬೇಕು. ಅವಳಿಗೆ ಒಂದೇ ಕೈ ಎಂಬುದೇ ಇರಲಿಲ್ಲ. ಬರೀ ಬೆರಳು ಮಡಚಿದಂತೆ ನೆನೆ ಅಂದೆ. "ಯಾಕ ಮಡಚಬೇಕು, ಕೆಲಸಿಲ್ಲೇನು?" ಎಂದು ನಗುತ್ತ, ನೆನೆಯಲು ಹೋಗಿ, ಮತ್ತೆ ಲಾಳಿಯನ್ನೇ ಎಸೆದಳು. ಕಾಲು ಕೂಡ ಬರುತ್ತದೆ ತಂಗಿ, ತುಳಿಯದಿದ್ದರೆ ಲಾಳಿ ಹಾಯಲು ಎಳೆ ಬಾಯಿ ಬಿಡುವುದಿಲ್ಲವಲ್ಲ ಎಂದು ಸೇರಿಸಿದಳು. ಆ ದಿನ ನಾನು ಅವಳ ಮೇಲೆ ಮುನಿಸಿಕೊಂಡೇ ಬಸ್ಸು ಹತ್ತಿದೆ. ಅವಳು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಮಾತ್ರ ದಾರಿಯಲ್ಲೇ ಮುಗಿಸಿದ್ದೆ.

ರೋಣದ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನಗಳು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ನಿಂತುಬಿಡುತ್ತಿದ್ದವು. ಅಪ್ಪ ಕಚೇರಿಗೆ, ಅವ್ವ ಒಳಗೆ. ನಾನು ತಣ್ಣನೆಯ ಕಡಪ ಕಲ್ಲಿನ ಮೇಲೆ ಬೋರಲು ಮಲಗಿ, ಅಕ್ಕನ ತಲೆಯ ಅಲೆಗಳನ್ನು ಮೊದಲಿನಿಂದ ಓಡಲು ಬಿಟ್ಟು, ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದೆ. ಯಾವಾಗಲೂ ನಿಲ್ಲಿಸುವ ಕೂಗು ಬಂದ ತಕ್ಷಣ ಉಳಿದುದನ್ನು ನನ್ನ ಪ್ರೋಗ್ರಾಮು ಕತ್ತರಿಸಿ ಎಸೆಯುತ್ತಿತ್ತು. ಕೆಲಸ ಮುಗಿದ ಮೇಲಿನದು ಕಸ ಎಂದು ನಾನೇ ಹಾಗೆ ಬರೆದಿದ್ದೆ. ಅವತ್ತು ಕತ್ತರಿಸುವಷ್ಟು ಹುರುಪೂ ನನ್ನಲ್ಲಿರಲಿಲ್ಲ. ಇಡಿಯಾಗಿ ಓಡುತ್ತಿತ್ತು. ಗೆರೆಗಳು ಹರಿದವು, ನನ್ನ ರೆಪ್ಪೆ ಇಳಿಯಿತು, ಗೆರೆಗಳು ಮತ್ತೆ ಹರಿದವು.

ಅರೆನಿದ್ದೆಯಲ್ಲಿ ನಾನು ಗಜೇಂದ್ರಗಡದ ಆ ಓಣಿಯಲ್ಲಿದ್ದೆ. ಚಿಕ್ಕವಳಿದ್ದಾಗ ಸೂಟಿಗೆ ಹೋದರೆ ಬೆಳಗಿನಿಂದ ಮಗ್ಗದ ಸದ್ದು. ಮನೆಮನೆಯಿಂದ, ಒಂದರ ಮೇಲೊಂದು ಬೀಳುತ್ತ. ಎರಡು ದಿನ ಕಳೆದರೆ ಅದು ಕಿವಿಗೆ ಬೀಳುತ್ತಲೇ ಇರಲಿಲ್ಲ, ಗಾಳಿಯಂತೆ ಸುಮ್ಮನೆ ಇರುತ್ತಿತ್ತು. ಯಾವುದಾದರೂ ಮನೆಯಲ್ಲಿ ಮಗ್ಗ ನಿಂತಾಗ ಮಾತ್ರ ಎಲ್ಲರೂ ತಲೆ ಎತ್ತುತ್ತಿದ್ದರು. ಯಾರೋ ಬಂದರು, ಅಥವಾ ಎಳೆ ಹರಿಯಿತು, ಅಥವಾ ಜಗಳ ಶುರುವಾಯಿತು. ಓಣಿಗೆ ಸುದ್ದಿ ಹುಟ್ಟುತ್ತಿದ್ದುದೇ ಮಗ್ಗ ನಿಂತಾಗ. ನಾನು ಆ ಓಣಿಯಲ್ಲಿ ಬರಿಗಾಲಲ್ಲಿ ನಿಂತಿದ್ದೆ, ಸದ್ದು ಹಠಾತ್ತನೆ ನಿಂತಿತು, ನಾನು ತಲೆ ಎತ್ತಿದೆ. ಎತ್ತಿದ ಕಣ್ಣಿನ ಎದುರಿಗೆ ತೆರೆಯಿತ್ತು. ನಡುನೆತ್ತಿಯ ಗೆರೆಯಲ್ಲಿ, ನಿಲ್ಲಿಸು ಎಂಬ ಕೂಗಿನ ಆಚೆಗೆ, ಚುರುಕಾದ ಅಲೆಗಳ ಒಂದು ಗೊಂಚಲು ತೊನೆಯುತ್ತಿತ್ತು.

ಎದ್ದು ಕೂತೆ. ಹಿಂದಕ್ಕೆ ಓಡಿಸಿದೆ. ಹಿಂದಿನ ಸಲವೂ ಇತ್ತು, ಅದರ ಹಿಂದಿನ ಸಲವೂ. ಎಡಗೈ ಅಂದರೂ ಇತ್ತು, ಬಲಗೈ ಅಂದರೂ ಇತ್ತು. ಕಾಲಿನ ಸುದ್ದಿ ಸಿಗುವುದು ತಲೆಯ ನಡುನೆತ್ತಿಯಲ್ಲಿ. ದೇಹ ಮಾಡಿದವನ ತಮಾಷೆ ಅದು. ಅಕ್ಕ ನೆನಪಿನಲ್ಲಿ ಮಗ್ಗ ತುಳಿಯುತ್ತಿದ್ದಳು. ತುಳಿಯುವಾಗ ಅಲೆ ಅಡಗುತ್ತಿತ್ತು, ತುಳಿತ ನಿಲ್ಲಿಸಿದ ಮರುಗಳಿಗೆ ಮೊದಲಿಗಿಂತ ಎತ್ತರಕ್ಕೆ ಪುಟಿಯುತ್ತಿತ್ತು. ಪುಟಿದದ್ದನ್ನೆಲ್ಲ ನಾನು ಕಸವೆಂದು ಕತ್ತರಿಸುತ್ತಿದ್ದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಒಳಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿ ಮಜ್ಜಿಗೆ ಕೊಟ್ಟಳು.

ಉಳಿದ ಲಕ್ಷಣಗಳನ್ನೆಲ್ಲ ಬಿಡಲು ಮನಸ್ಸೇ ಆಗಲಿಲ್ಲ ಎನ್ನುವುದನ್ನು ಯಾರೂ ನಂಬುವುದಿಲ್ಲ. ಒಂದೊಂದನ್ನೂ ಸಾಕಿದ್ದೆ. ಕಿವಿಯ ಮೇಲಿನದು ಕೆಲವು ದಿನ ಚಲೋ ಕಾಣಿಸಿ ಆಸೆ ಹುಟ್ಟಿಸಿದ್ದು, ಹಣೆಯದು ಬರೀ ಹುಬ್ಬಿನ ಆಟವೆಂದು ತಿಳಿದ ಮೇಲೂ ಬಿಡಲಾಗದೆ ಇಟ್ಟುಕೊಂಡದ್ದು. ಒಂದೊಂದಾಗಿ ತೆಗೆದೆ. ಕಡೆಗೆ ಉಳಿದದ್ದು ನಡುನೆತ್ತಿ, ಚುರುಕಿನ ಅಲೆ, ನಿಂತ ಮರುಗಳಿಗೆ. ಮತ್ತೆ ನರಗುಂದಕ್ಕೆ ಹೋಗಿ, ಅಕ್ಕನಿಗೆ ಕೈಯ ಹೆಸರೇ ಎತ್ತದೆ ಬರೀ ನೇಯಲು ಹೇಳಿ, ಹೊಸದಾಗಿ ಹಿಡಿದು ನೋಡಿದೆ. ಆರಿಸುವಾಗ ಕಾಣದಿದ್ದ ಆ ಹೊಸ ಅಲೆಗಳಲ್ಲೂ ಅದು ನಿಂತಿತು. ಹೊಳೆಆಲೂರಿನಲ್ಲಿ ರೈಲು ಹತ್ತಿ ಹೋಗಿ ಸರ್‌ಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇನ್ನ ಬದಲಿ ಮಾಡಬ್ಯಾಡ" ಎಂದರು.

ಗಜೇಂದ್ರಗಡಕ್ಕೆ ಡಬ್ಬಿ ಒಯ್ದ ದಿನ ಚಿಗವ್ವ ಮನೆಯನ್ನು ಸಾರಿಸಿ, ಕಾಕಾಗೆ ಇಸ್ತ್ರಿ ಅಂಗಿ ತೊಡಿಸಿ, ತಲೆಗೆ ಹರಳೆಣ್ಣೆ ಹಚ್ಚಿ ತೀಡಿ ತೀಡಿ ಕೂದಲು ಕೂರಿಸಿದ್ದಳು. ದವಾಖಾನೆಗಾದರೂ ಸರಿ, ಮದುವೆಗಾದರೂ ಸರಿ, ತಲೆಗೆ ಎಣ್ಣೆಯಿಲ್ಲದೆ ಗಂಡಸನ್ನು ನಾಲ್ಕು ಮಂದಿಯ ಮುಂದೆ ಇಡಬಾರದು ಎಂಬುದು ಅವಳ ಶಾಸ್ತ್ರ. ಎಣ್ಣೆಯ ಮೇಲೆ ಬಿಲ್ಲೆ ಹಿಡಿಯುವುದಿಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಸೀಗೆಕಾಯಿ ಕುದಿಸಿ, ಮಂಚದ ಮೇಲೇ ತಲೆಯ ಕೆಳಗೆ ಬೋಗುಣಿ ಇಟ್ಟು, ನಾವಿಬ್ಬರೂ ಸೇರಿ ತೊಳೆದದ್ದೇ ಆ ದಿನದ ಕೆಲಸವಾಯಿತು. ಚಿಗವ್ವ ತೊಳೆಯುತ್ತ ಕಾಕಾಗೆ ಕ್ಷಮೆ ಕೇಳುವಂತೆ ಏನೋ ಗುನುಗುತ್ತಿದ್ದಳು, ನನ್ನನ್ನು ಕಂಡು ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಶುರು ಮಾಡಿದೆವು. ಕರೆಂಟು ಹೋಗಿತ್ತು. ಊರೆಲ್ಲ ಬೈಯುತ್ತಿತ್ತು, ನಾನು ಮಾತ್ರ ಒಳಗೊಳಗೇ ಕೈ ಮುಗಿದೆ. ಗೋಡೆಯ ತಂತಿ ತಣ್ಣಗಿದ್ದರೆ ನನ್ನ ಗೆರೆಗಳು ತಿಳಿನೀರಿನಂತೆ ಬರುತ್ತಿದ್ದವು. ಮಂಚದ ಪಕ್ಕದಲ್ಲೇ ಮಗ್ಗ ಇತ್ತು, ಹಾಸಿನ ಎಳೆಗಳ ಮೇಲೆ ಚಿಗವ್ವ ಹೊದಿಸಿದ ಹಳೆಯ ಧೋತರ. ಕಿಟಕಿಯಿಂದ ಬಿದ್ದ ಬೆಳಕು ಕಾಕಾನ ಪಾದದ ಮೇಲಿತ್ತು. ಆ ಪಾದಗಳು ಮೆತ್ತಗಾಗಿ ಕೂಸಿನವುಗಳಂತೆ ಕಾಣುತ್ತಿದ್ದವು. ನನಗೆ ಅವನ್ನು ನೋಡಲಾಗಲಿಲ್ಲ.

ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ. "ಕಾಕಾ, ನೇಯ್ರಿ ಅಂದ ಕೂಡ್ಲೆ ಮನಸನ್ಯಾಗ ಮಗ್ಗ ತುಳೀರಿ. ಕಂಪ್ಯೂಟರ್ ಕೂಗಿದ ಕೂಡ್ಲೆ ನಿಲ್ಲಸ್ರಿ."

ನೇಯ್ರಿ ಅಂದೆ. ಕೂಗು ಬಂತು. ಏನೂ ಇಲ್ಲ. ಮತ್ತೆ ಅಂದೆ, ಮತ್ತೆ ಕೂಗು, ಮತ್ತೆ ಏನೂ ಇಲ್ಲ. ಗೆರೆ ಹೊಲದಂಚಿನ ಹಾಗೆ ಸಪಾಟು. ಬೆಳಕು ಪಾದದಿಂದ ಸರಿದು ನೆಲಕ್ಕೆ ಇಳಿಯುವವರೆಗೂ ನಾನು ನೇಯ್ರಿ ನೇಯ್ರಿ ಅನ್ನುತ್ತಲೇ ಇದ್ದೆ. ನನ್ನ ದನಿ ನನಗೇ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಕೇಳತೊಡಗಿತು. ಲಕ್ಷಣ ಬದಲಿಸಿ ನೋಡೋಣವೇ ಎಂದು ಕೈ ತುರಿಸಿತು. ಹಣೆಯದರಲ್ಲಿ ಏನೋ ಏರಿಳಿತವಿತ್ತು, ಅದನ್ನೇ ಉತ್ತರ ಎಂದು ಹೇಳಿದ್ದರೆ ಚಿಗವ್ವ ನಂಬುತ್ತಿದ್ದಳು. ಆದರೆ ಅದು ನೊಣಕ್ಕೆ ಬಡಿಯುವ ರೆಪ್ಪೆಯ ಅಲೆ. ಅವಳು ಒಮ್ಮೆ ಆ ಮೋಸ ಕಂಡವಳು. ಕೈ ತೆಗೆದು, ಓಡುವುದು ಓಡಲಿ ಎಂದು ಬಿಟ್ಟು, ಗೋಡೆಗೊರಗಿ ಕಣ್ಣು ಮುಚ್ಚಿದೆ. ಗೋಡೆ ಅಂತ ಹೇಳಬೇಕಾಗುತ್ತದೆ ಎಂಬುದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅಳು ಬಂದಿತ್ತು.

ಆಗ ಅಡುಗೆಮನೆಯಿಂದ ಚಿಗವ್ವ ಕರೆದಳು. "ಏಳ್ರಿ, ಊಟಕ್ಕ ಬರ್ರಿ."

ಕರೆದದ್ದು ನನ್ನನ್ನಲ್ಲ. ನನಗೆ ಅವಳು ರಿ ಹಚ್ಚುವುದಿಲ್ಲ. ಉಣ್ಣದ ಗಂಡನನ್ನು ಹಳೆಯ ರೂಢಿಯಿಂದ ದಿನಾ ಹಾಗೆ ಕರೆಯುತ್ತಿದ್ದಳಂತೆ, ಆಮೇಲೆ ತಾನೇ ನಾಲಗೆ ಕಚ್ಚಿಕೊಳ್ಳುತ್ತಿದ್ದಳಂತೆ. ನಾನು ಕಣ್ಣು ತೆರೆದೆ. ನಡುನೆತ್ತಿಯ ಗೆರೆಯಲ್ಲಿ ಗೊಂಚಲು ಎದ್ದು, ತೊನೆದು, ಇಳಿಯುತ್ತಿತ್ತು.

ಕಡೆಯ ಸಲ ನೇಯ್ರಿ ಅಂದದ್ದು ಬಹಳ ಹೊತ್ತಿನ ಹಿಂದೆ. ಅವರು ಅಲ್ಲಿಂದ ನೇಯುತ್ತಲೇ ಇದ್ದರು. ಬೆಳಗಿನಿಂದಲೂ ನೇಯುತ್ತಿದ್ದರೋ ಏನೋ, ನಾನು ಮತ್ತೆ ಮತ್ತೆ ನೇಯ್ರಿ ಅಂದದ್ದು ಅವರಿಗೆ ಎಷ್ಟು ಹುಚ್ಚುಹುಚ್ಚಾಗಿ ಕೇಳಿಸಿತ್ತೋ. ಡಬ್ಬಿಯೊಂದು ಕೂಗಿತೆಂದು ಯಾವ ನೇಕಾರ ಮಗ್ಗ ನಿಲ್ಲಿಸುತ್ತಾನೆ? ಲಾಳಿಯೊಳಗಿನ ನೂಲಿನ ಕಂಡಿಕೆ ತೀರಬೇಕು, ಇಲ್ಲ ಎಳೆ ಹರಿಯಬೇಕು, ಇಲ್ಲ ಹೆಂಡತಿ ಊಟಕ್ಕೆ ಕರೆಯಬೇಕು. ಅಕ್ಕ ಪೂರಾ ನೇಕಾರಳಾಗದೆ ಮದುವೆಯಾದವಳು, ಅದಕ್ಕೆ ಡಬ್ಬಿಯ ಮಾತು ಕೇಳಿದಳು.

ಆದರೂ ನಾನು ಹಿಗ್ಗಲಿಲ್ಲ. ಹೆಂಡತಿಯ ದನಿ ಬಿದ್ದರೆ ಯಾವ ಮಿದುಳಾದರೂ ಒಮ್ಮೆ ಅಲುಗೀತು. ನೇಯ್ರಿ ಎಂದು ಹೇಳದೆಯೇ ಚಿಗವ್ವನ ಕೈಲಿ ಕರೆಸಿದೆ. ಗೆರೆ ಸಪಾಟು. ನೇಯ್ರಿ ಎಂದು ಹೇಳಿ ಕರೆಸಿದೆ, ಗೊಂಚಲು. ಹೇಳದೆ, ಹೇಳಿ, ಹೇಳದೆ, ಹೇಳಿ. ಚಿಗವ್ವನಿಗೆ ಏನೂ ತಿಳಿಯದು. ಬೇಯುತ್ತಿದ್ದ ಬ್ಯಾಳಿಯನ್ನು ಬಿಟ್ಟು ಬಾಗಿಲಲ್ಲಿ ನಿಂತು, ಹೇಳಿದಾಗಲೆಲ್ಲ ಊಟಕ್ಕೆ ಕರೆದಳು. "ಎಷ್ಟ್ ಸಲ ಉಣಸ್ತಿ ಅವ್ರಿಗೆ?" ಎಂದಳು ಕಡೆಗೆ, ದನಿ ಬಿದ್ದುಹೋಗಿ. ಆರಿಸಿದ ಲಕ್ಷಣವನ್ನು ನಾನು ಮುಟ್ಟಿರಲಿಲ್ಲ. ರೋಣದಲ್ಲಿ ಅಕ್ಕನ ತಲೆಯಿಂದ ಆರಿಸಿದ್ದು ಹಾಗೇ ಇತ್ತು. ಬದಲಿಸಿದ್ದು ಕರೆಯುವ ದನಿ ಮಾತ್ರ.

ಗೊತ್ತಿರುವ ಪ್ರಶ್ನೆಗಳನ್ನು ಕೇಳಿದೆ. ಹೌದು ಅನ್ನುವಂತಿದ್ದರೆ ನೇಯಿರಿ ಎಂದು ಒಮ್ಮೆ, ಇಲ್ಲ ಅನ್ನುವಂತಿದ್ದರೆ ನೇಯಿರಿ ಎಂದು ಇನ್ನೊಮ್ಮೆ, ಎರಡೂ ಸಲ ಚಿಗವ್ವ ಕರೆಯಬೇಕು. ಯಾವ ಸಲ ಗೊಂಚಲು ಎದ್ದಿತೋ ಅದೇ ಉತ್ತರ. ಮಗಳು ನರಗುಂದದಲ್ಲಿದ್ದಾಳೆಯೇ? ಹೌದು. ಈ ಊರು ಇಟಗಿಯೇ? ಇಲ್ಲ. ಈಗ ಮಳೆ ಬರುತ್ತಿದೆಯೇ? ಒಂದು ಸಲ ಏನೂ ಏಳಲಿಲ್ಲ, ನಿದ್ದೆ ಬಂದಿತ್ತೋ ಬೇಜಾರೋ. ಮತ್ತೆ ಕೇಳಿದಾಗ ಇಲ್ಲ ಎಂದರು. ತಪ್ಪು ಉತ್ತರ ಮಾತ್ರ ಬರಲಿಲ್ಲ. ಇಷ್ಟರಲ್ಲಿ ಅಪ್ಪ ರೋಣದಿಂದ ಬಂದು ಮಗ್ಗದ ಹತ್ತಿರ ನಿಂತಿದ್ದ. ಅವನಿಗೆ ತಮ್ಮನನ್ನು ಕೇಳಬೇಕಾದದ್ದು ಏನೇನೋ ಇತ್ತು. "ಮೊದ್ಲ ಚಿಗವ್ವ," ಎಂದೆ. ಅಪ್ಪ ನನ್ನ ಮುಖ ನೋಡಿ ಹಿಂದೆ ಸರಿದ.

ಚಿಗವ್ವ ಬಂದು ಮಂಚದ ಅಂಚಿಗೆ ಕೂತಳು. ಎರಡು ಮೊಳ ಉದ್ದದ ಮಾತು ಆಡುವವಳಿಗೆ ಒಂದು ಪ್ರಶ್ನೆ ಹುಡುಕಲು ಬಹಳ ಹೊತ್ತು ಹಿಡಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಗೋಡೆಯಲ್ಲ ಎಂದು ಅವಳಿಗೆ ಆಗಲೇ ತಿಳಿದಿತ್ತು. ತಿಳಿದ ಮೇಲೆ ಹೊಸ ಹೆದರಿಕೆಯೊಂದು ಬಂದಿತ್ತು, ಅದು ನನಗೆ ಅವಳು ಕೇಳಿದ ಮೇಲೆಯೇ ಗೊತ್ತಾದದ್ದು.

"ದಿನಾ ನಿಮ್ಮ ತಲಿ ತಿಂತೀನಿ," ಎಂದಳು ಕಾಕಾನ ಮುಖಕ್ಕೆ ಬಾಗಿ. "ಏಳಾಕ ಬರಂಗಿಲ್ಲ, ಹೋಗಾಕ ಬರಂಗಿಲ್ಲ, ಕಿವಿ ಮುಚ್ಚಾಕ ಬರಂಗಿಲ್ಲ. ನನ್ನ ಮಾತು ಕೇಳಿ ಕೇಳಿ ನಿಮಗ ಬ್ಯಾಸರಾಗೇತೇನ್ರಿ?"

ಹೌದು ಅನ್ನುವಂತಿದ್ದರೆ ಈಗ ನೇಯ್ರಿ ಎಂದೆ. ಕಾದೆವು. ಚಿಗವ್ವ ಊಟಕ್ಕೆ ಕರೆದಳು. ಗೊಂಚಲು ಎದ್ದಿತು, ಯಾವ ಅನುಮಾನಕ್ಕೂ ಜಾಗವಿಲ್ಲದಂತೆ. ಇಲ್ಲ ಅನ್ನುವಂತಿದ್ದರೆ ಎಂದು ಕೇಳುವುದು ಬರೀ ಶಾಸ್ತ್ರವಾಯಿತು. ಅದನ್ನೂ ಕೇಳಿದೆ. ಸಪಾಟು.

"ಏನಂದ್ರು?"

ಮಿಷನ್ ಬಿಸಿಯಾಗಿದೆ ಎಂದು ಹೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. "ಹೌದಂತ," ಎಂದೆ.

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿದವು. ಅಪ್ಪ ಅವಳ ಕಡೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ, ಯಾಕೆಂದರೆ ಅವಳು ನಗುತ್ತಿದ್ದಳು. "ಅವ್ರ ಅದಾರ," ಎಂದಳು. "ನೋಡ್ರಿ ಭಾವಾರ, ಒಳಗ ಅವ್ರ ಅದಾರ. ಬ್ಯಾರೆ ಯಾರರ ಆಗಿದ್ರ ಇಷ್ಟ್ ದಿನ ಮಾಡಿದ್ದಕ್ಕರ ಒಂದ್ ಸುಳ್ಳ ಹೇಳ್ತಿದ್ರು." ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಆಮೇಲೆ ನಗು ಹೋಗಿ ನೀರು ಮಾತ್ರ ಉಳಿಯಿತು. ಮುಖ ಸಣ್ಣದಾಯಿತು. ಅವಳು ಮತ್ತೆ ಕಾಕಾನ ಕಡೆ ತಿರುಗಿದಳು. ಈ ಸಲ ದನಿ ನನಗೇ ಸರಿಯಾಗಿ ಕೇಳಲಿಲ್ಲ.

"ಹಂಗಾರ ನಾಳಿಯಿಂದ ನಾ ಸುಮ್ಕ ಇರ್ಲೇನ್ರಿ?"

ಹೌದು ಅನ್ನುವಂತಿದ್ದರೆ ನೇಯ್ರಿ ಎಂದೆ. ಕಾದೆವು. ಚಿಗವ್ವ ಕರೆದಳು. ಗೆರೆ ಸಪಾಟಾಗಿ ಹರಿಯಿತು, ಹರಿಯುತ್ತಲೇ ಇತ್ತು. ನಾನು ಬಹಳ ಹೊತ್ತು ಬಿಟ್ಟು ನೋಡಿದೆ. ಆಮೇಲೆ ಎರಡನೆಯದನ್ನು ಕೇಳಿದೆ. ಇಲ್ಲ ಅನ್ನುವಂತಿದ್ದರೆ ಈಗ ನೇಯ್ರಿ ಕಾಕಾ. ಕಾದೆವು. ಚಿಗವ್ವ ಇನ್ನೊಮ್ಮೆ ಕರೆದಳು.

ಆ ದಿನದ ಅತಿ ದೊಡ್ಡ ಅಲೆ ಅದೇ ಎಂದು ಬರೆಯಲು ಮನಸ್ಸಾಗುತ್ತದೆ. ಆಮೇಲೆ ಅಳೆದು ನೋಡಿದೆ, ಅಲ್ಲ. ಸಾಧಾರಣದ್ದು, ಇಟಗಿಯಲ್ಲ ಎಂದಾಗ ಎದ್ದಷ್ಟೇ. ಆದರೆ ಎದ್ದಿತು.

"ಇರಬ್ಯಾಡ ಅಂತಾರ," ಎಂದೆ.

ಚಿಗವ್ವ ಕಣ್ಣು ಒರೆಸಿಕೊಂಡು, ಕಾಲು ಮಂಚದ ಮೇಲೆ ಎಳೆದುಕೊಂಡು ಸರಿಯಾಗಿ ಕೂತಳು. ಅಪ್ಪನೂ ನಾನೂ ಅಲ್ಲೇ ನಿಂತಿದ್ದೆವು, ನಮ್ಮಿಬ್ಬರ ಮುಂದೆಯೇ, ಈ ಸಲ ನಾಚಿಕೆಪಡದೆ, ಗಂಡನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಬ್ಯಾಸರಾದ್ರ ಆಗ್ಲಿ," ಎಂದಳು. "ಕೇಳಾಕರ ಅದೀರಲ್ಲ."